ಅರ್ಜೆಂಟೀನಾದ ವೈನು, ಎರಡನೇ ಸುತ್ತು

ಹೋಟೆಲಿನಲ್ಲಿ ವೈನ್ ರುಚಿ ನೋಡುವ ಕಾರ್ಯಕ್ರಮ. ತಜ್ಞರು ಮೊದಲ ಸುತ್ತನ್ನು ಬಾಟಲಿಯಿಂದಲೇ ಹಂಚಿ, ಉಳಿದದ್ದನ್ನು ಗಾಳಿಯಾಡಲಿ ಎಂದು ಗಾಜಿನ ಜಗ್ಗಿಗೆ ಸುರಿದಿಟ್ಟರು. ಪಕ್ಕದಲ್ಲಿದ್ದ ಅಂಥದ್ದೇ ಇನ್ನೊಂದು ಜಗ್ಗು ರುಚಿ ನೋಡಿ ಉಗುಳುವುದಕ್ಕೆ. ಹನ್ನೆರಡು ಜನ ದೊಡ್ಡಮನುಷ್ಯರು ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡು, ಗಳಗಳ ಮುಕ್ಕಳಿಸಿ, ಅದರೊಳಗೆ ಉಗಿದರು. ಬಡಿಸುವ ಕೆಲಸದ ನಾನು ಪಕ್ಕದಲ್ಲೇ ನಿಂತಿದ್ದೆ.

“ಮಾಲ್ಬೆಕ್ ದ್ರಾಕ್ಷಿ ಹುಟ್ಟಿದ್ದು ಫ್ರಾನ್ಸಿನಲ್ಲಿ. ಮೈಕೈ ತುಂಬಿಕೊಂಡಿದ್ದು ಅರ್ಜೆಂಟೀನಾದ ಬೆಟ್ಟದ ಬಿಸಿಲಲ್ಲಿ,” ಎನ್ನುತ್ತಲೇ ತಜ್ಞರು ಒಂದು ಜಗ್ಗನ್ನು ನನ್ನ ಕೈಗೆ ತುರುಕಿದರು. “ಏಯ್, ಈ ಎಂಜಲನ್ನ ಒಳಗೆ ಚೆಲ್ಲು. ಥೂ!”

“ಸರ್, ಈ ಜಗ್ಗು...”

“ಮುದ್ದೆ ನುಂಗೋಳು ನನಗೆ ವೈನ್ ಪಾಠ ಹೇಳ್ಕೊಡ್ತೀಯಾ? ಬಾಯ್ಮುಚ್ಚು!”

ಮುಚ್ಚಿದೆ.

ಅವರು ಮೇಜಿನ ಮೇಲೆ ಉಳಿದ ಜಗ್ಗಿನಿಂದ ಎಲ್ಲರ ಗ್ಲಾಸಿಗೂ ಎರಡನೇ ಸುತ್ತು ಸುರಿದರು. “ಈ ಸಲ ಯಾರೂ ಉಗುಳಬಾರದು, ನುಂಗಬೇಕು.”

ಎಲ್ಲರೂ ನುಂಗಿದರು. ತಜ್ಞರು ಕಣ್ಣು ಮುಚ್ಚಿ ಚಪ್ಪರಿಸಿದರು. “ನೋಡಿದ್ರಾ? ಗಾಳಿಯಾಡಿದ ಮೇಲೆ ಎಷ್ಟೊಂದು ರುಚಿ ಸೇರ್ಕೊಂಡಿದೆ!”

“ಹೌದೌದು, ಮೊದಲಿಗಿಂತ ಗಟ್ಟಿಯಾಗಿದೆ,” ಎಂದರು ಹನ್ನೆರಡೂ ಜನ.

ಯಾರೂ ಉಗುಳದ ಜಗ್ಗನ್ನು ಹಿಡಿದುಕೊಂಡು ನಾನು ಒಳಗೆ ಹೋದೆ.