ಆಮೆ ಕಾಣಿಸ್ತಾ?

"ಬರ್ತೀವಿ ಅಂದಿದ್ದ ಫ್ರೆಂಡ್ಸ್ ಎಲ್ಲಾ ಕೈ ಕೊಟ್ರು ಅಕ್ಕಾ. ಪರ್ವಾಗಿಲ್ಲ, ವಿಡಿಯೋ ಕಾಲಲ್ಲೇ ಆಮೆ ತೋರಿಸ್ತೀನಿ."

ಕಡಲ ಬಂಡೆಗಳಿಗೆ ಅಂಟಿದ ಚಿಪ್ಪು ಕೀಳಲು ಹೊರಟಿದ್ದ ಹೆಂಗಸು ನಕ್ಕು ಮುಂದೆ ನಡೆದಳು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿ ಫೋನ್ ಹಿಡಿದು, ಗುಡ್ಡ ದಾಟಿ ಕಡಲಿಗೆ ಇಳಿಯುವವರೆಗೂ ಮಾತಾಡುತ್ತಲೇ ಇದ್ದಳು.

"ಲೇ, ಚಪ್ಪಲಿ ಕಿತ್ತೋಯ್ತು ಕಣ್ರೇ. ನಗಬೇಡಿ."

ಇಬ್ಬರೂ ಬಂಡೆಯ ಮೇಲೆ ಕುಳಿತು ಕಾದರು. ಬಹಳ ಹೊತ್ತಿನ ಮೇಲೆ ಅಲೆಗಳ ನಡುವೆ ಒಂದು ತಲೆ ಎದ್ದು ಉಸಿರೆಳೆದುಕೊಂಡಿತು.

"ಬಂತು ಬಂತು, ನೋಡ್ರೇ. ಕಾಣಿಸ್ತಾ?" ಹುಡುಗಿ ಫೋನನ್ನು ನೀರಿನತ್ತ ಚಾಚಿದಳು.

ಹೆಂಗಸು ಚಿಪ್ಪಿನ ಬುಟ್ಟಿಯನ್ನು ಬದಿಗಿಟ್ಟು ಅವಳ ಹತ್ತಿರ ಸರಿದಳು.

"ಗುಡ್ಡ ದಾಟಿದ ಮೇಲೆ ಸಿಗ್ನಲ್ ಬರೂದಿಲ್ಲ ತಂಗಿ. ನಂಗೇ ಹೇಳು, ನಾ ಕೇಳ್ತೆ."