ಹಕಾರ ಬಂದ ದಿನ

ತೀರಿಹೋದವರ ದನಿ ಉಳಿಸಿಕೊಂಡ ಪೆಟ್ಟಿಗೆಗಳಿಗೆ ಹೊಸ ಆವೃತ್ತಿಯನ್ನು ಉಚಿತವಾಗಿ ಹಾಕಿಕೊಡುತ್ತಿದ್ದರು. ಹಾಕಿಸದಿದ್ದರೆ ನಾಳೆಯಿಂದ ದನಿಯೇ ಇರದು. ನಾನೂ ನನ್ನ ಯಜಮಾನರನ್ನು ಎತ್ತಿಕೊಂಡು ಮಂಡ್ಯದ ಅಂಗಡಿಯ ಸಾಲಿನಲ್ಲಿ ನಿಂತೆ.

"ಸುಮ್ನೆ ಮಾಡ್ಸಿ ಅಜ್ಜಿ, ಪುಕ್ಕಟೆ! ನಮ್ಮತ್ತೆ ಗೊಣಗೋದೇ ನಿಂತೋಯ್ತು!" ಎಂದು ಹಿಂದೆ ನಿಂತಿದ್ದವಳು ನಕ್ಕಳು.

"ಉಚ್ಚಾರದ ತಪ್ಪೆಲ್ಲ ಸರಿಹೋಗುತ್ತೆ," ಎಂದಳು ಅಂಗಡಿಯ ಹುಡುಗಿ. ನನ್ನ ಮುಖ ನೋಡಿ ಕೈ ತಡೆದಳು. "ಇನ್ನೊಂದ್ಸಲ ಕೇಳ್ಕೊಂಬಿಡಿ ಅಜ್ಜಿ."

ಪೆಟ್ಟಿಗೆ ಎಂದಿನಂತೆ ಕೂಗಿತು: "ಏಮಾ, ಆಲು ಉಕ್ತಾ ಅದೆ ಕಣಮ್ಮಿ!"

ಹುಡುಗಿ ಸಾಲನ್ನೆಲ್ಲ ಕಾಯಿಸಿ, ಮತ್ತೆ ಮತ್ತೆ ಕೇಳಿಸಿದಳು.

ಮರುದಿನ ಒಲೆಯ ಮುಂದಿದ್ದೆ. "ಹೇಮಾ, ಹಾಲು ಉಕ್ಕುತ್ತಿದೆ," ಎಂದಿತು ಪೆಟ್ಟಿಗೆ, ಸ್ಪಷ್ಟವಾಗಿ. ಇನ್ಯಾರನ್ನೋ ಕರೆದಂತೆನಿಸಿ ನಿಂತೇ ಇದ್ದೆ. ಹಾಲು ಉಕ್ಕಿ ಒಲೆ ಆರಿತು.