ಮೂರನೆಯ ಕೂಗು

ಸಹೃದಯ ವಾಚಕ ಮಹಾಶಯರೇ, ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಲಿದ್ದ ಪರೀಕ್ಷಾ ಅರ್ಜಿಯೊಂದರ ಮುಂದೆ ಹನ್ನೊಂದೂವರೆಗೆ ಕುಳಿತಿದ್ದ ಹುಡುಗಿಯೊಬ್ಬಳನ್ನು ತಾವು ದಯಮಾಡಿ ಕಲ್ಪಿಸಿಕೊಳ್ಳಬೇಕು.

ಅದು ಎರಡು ಸಾವಿರದ ಹದಿಮೂರು. ಕಾಗವಾಡದ ಕಾಲೇಜು ಗ್ರಂಥಾಲಯ. ಸ್ನೇಹಲ ಹೊಳೆಯಾಚೆಯ ಮರಾಠಿ ಸೀಮೆಯ ಕಾಲೇಜಿನವಳು, ಅಜ್ಜಿಯ ಊರಿಗೆ ಬಂದಿದ್ದಳು. ಯಾವ ಊರಿನಲ್ಲಿ ಕುಳಿತರೂ ವಿದ್ಯಾರ್ಥಿ ತನ್ನ ಕಾಲೇಜಿನ ಗುರುತಿನಿಂದಲೇ ಜಾಲದೊಳಗೆ ಬರುವಂತೆ ಜೋಡಿಸಿಕೊಡುತ್ತ ಅಲೆಯುವುದು ಆಗ ನನ್ನ ವೃತ್ತಿ. ಅವಳು ಪಾಸ್‌ವರ್ಡ್ ಒತ್ತಿದೊಡನೆ ಇಲ್ಲಿಯ ಯಂತ್ರ ಅವಳ ಕಾಲೇಜನ್ನು ‘ಇವಳು ನಿಮ್ಮವಳೇ?’ ಎಂದು ಕೇಳಬೇಕು. ಹೌದೆಂದರೆ ಮಾತ್ರ ಅರ್ಜಿ ತೆರೆಯುತ್ತಿತ್ತು. ಆ ಪ್ರಶ್ನೆಯನ್ನು ಒಯ್ಯಲು ಎರಡು ಸಂಸ್ಥೆಗಳ ಎರಡು ದಾರಿಗಳಿದ್ದವು. ಮೊದಲನೆಯದು ಕೆಟ್ಟರೆ ಎರಡನೆಯದನ್ನು ಹಿಡಿಯಲೆಂದು ಹಿಂದಿನ ದಿನವೇ ಬರೆದಿಟ್ಟಿದ್ದೆ. ಆದರೂ ಯಂತ್ರ ಮೊದಲನೆಯ ದಾರಿಯಲ್ಲೇ ಬಾರದ ಉತ್ತರಕ್ಕೆ ಕಾಯುತ್ತ ನಿಂತಿತ್ತು.

“ಸರ್, ಆಗತೈತೇನ್ರಿ? ಒಂದು ವರ್ಷ ಹೋಗತೈತ್ರಿ ನಂದು,” ಎಂದು ಸ್ನೇಹಲ ಗಡಿಯಾರ ನೋಡಿದಳು.

ನೀರು ತಂದ ಜವಾನ ದುರಗಪ್ಪ ಪರದೆಯನ್ನು ಇಣುಕಿದ. “ಏನ್ ಬರದೀರಿ ಸಾಹೇಬ್ರ?”

“ಮೊದಲಿನ ದಾರಿಯವರು ಬೇಡ ಅಂದರೆ ಎರಡನೆಯವರ ಕಡೆಯಿಂದ ಕೇಳು ಅಂತ.”

“ಉಲ್ಟಾ ಬರದೀರಲ್ರಿ! ನಮ್ಮಪ್ಪ ಜುಗೂಳದಾಗ ಮಂದೀನ ಹೊಳಿ ದಾಟಸಾಕ ನಾವ ಹಾಕತಿದ್ದ. ಆಚೀ ದಂಡೀಲೆ ಮಂದಿ ಕೂಗತಿದ್ರು. ಅಪ್ಪ ಬ್ಯಾಡ ಅಂದ್ರ ಮುಗೀತು, ಹೊಳಿ ಏರೇತಿ ಅಂತ ತಿಳಕೊಂಡು ತಿರಗಿ ಹೋಗೂದು. ಸುಮ್ಮನಿದ್ರ ಮ್ಯಾಲಿನ ಘಾಟಿಗೆ ಹೋಗಿ ಅಲ್ಲಿ ನಾವದವನ್ನ ಕೂಗೂದು. ಅದೂ ಮೂರು ಕೂಗು ಆದ ಮ್ಯಾಲ. ಒಂದಕ್ಕ ಓಡಿದ್ರ ಹೆಂಗ್ರಿ? ಮುದುಕನ ಬಾಯಾಗ ರೊಟ್ಟಿ ಇರತೈತಿ!”

ನಿರಾಕರಣೆಗೆ ದಾರಿ ಬರೆದ ನಾನು ಮೌನಕ್ಕೆ ಬರೆದಿರಲಿಲ್ಲ. ತಿದ್ದಿದೆ: ಮೂರು ಸಲ ಕೇಳು; ಉತ್ತರವೇ ಬಾರದಿದ್ದರೆ ಮಾತ್ರ ಎರಡನೆಯ ದಾರಿ.

ಸ್ನೇಹಲ ಪಾಸ್‌ವರ್ಡ್ ಒತ್ತಿದಳು. ದುರಗಪ್ಪ ಬೆರಳು ಮಡಚುತ್ತ ನಿಂತ. ಮೂರನೆಯ ಬೆರಳು ಮಡಚಿದ; ಯಂತ್ರ ಎರಡನೆಯ ದಾರಿ ಹಿಡಿಯಿತು, ಅರ್ಜಿ ತೆರೆಯಿತು. ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ಅವಳು “ಝಾಲಂ! ಹೋತ್ರಿ ಫಾರ್ಮ್!” ಎಂದು ಕುರ್ಚಿಯಿಂದ ನೆಗೆದಳು.

“ನಿಮ್ಮಪ್ಪ ಈಗ?” ಎಂದು ದುರಗಪ್ಪನನ್ನು ಕೇಳಿದೆ.

“ಹೋಗಿ ಒಂಬತ್ತು ವರ್ಷ ಆತ್ರಿ. ಮಣ್ಣು ಕೊಟ್ಟು ಬರೂ ಮುಂದ ಆಚೀ ದಂಡೀಲೆ ಯಾರೋ ಕೂಗಾಕತ್ತಿದ್ರು. ಅವರಿಗಿನ್ನಾ ಸುದ್ದಿ ಮುಟ್ಟಿರಲಿಲ್ಲ. ಮೂರೂ ಕೂಗು ಕೇಳಿದ್ನಿ. ಓ ಅನ್ನಾಕ ನನ್ನ ಬಾಯಿ ಬರಲಿಲ್ಲ.”

ತಂತಿಗಳನ್ನು ಸುತ್ತಿ ಚೀಲಕ್ಕೆ ತುಂಬಿದೆ. ಗೇಟಿನ ಹೊರಗೆ ಶೇಡಬಾಳದ ಬಸ್ಸು ಹಾರ್ನ್ ಬಾರಿಸಿತು. ಎಲ್ಲ ಊರುಗಳಿಂದಲೂ ಬಸ್ಸಿನ ಮೊದಲ ಕೂಗಿಗೇ ಎದ್ದು ಓಡಿದವನು ನಾನು. ಅಂದು ಮಾತ್ರ ಮೂರನೆಯ ಹಾರ್ನ್ ಕೇಳುವವರೆಗೂ ದುರಗಪ್ಪನ ಪಕ್ಕದಲ್ಲಿ ಕುಳಿತಿದ್ದು, ಚೀಲವನ್ನು ಹೆಗಲಿಗೇರಿಸಿ ಹೊರಟೆ.